ಎನ್.ಸಿ.ಎಲ್. ಅಂದರೆ ಯಾರು?

ಯಾರಾದರೂ ಸ್ವಲ್ಪ ವಿಚಿತ್ರವಾಗಿ ಆಡಿದರೆ ಸಾಕು, ಬೆಂಗಳೂರಿನಲ್ಲಿ "ಇವನನ್ನ ನಿಮ್ಹಾನ್ಸ್‌ಗೆ ಸೇರಿಸ್ಬೇಕು ಕಣೋ" ಅಂತೀವಿ. ನಮ್ಮ ಆಫೀಸಿನಲ್ಲಿ ಪ್ರತಿ ರಿಲೀಸಿನ ಹಿಂದಿನ ರಾತ್ರಿ ಈ ಮಾತು ಕಡಿಮೆ ಅಂದರೂ ಮೂರು ಸಲ ಕೇಳುತ್ತೆ :) ಧಾರವಾಡದ ಕಡೆಯವರು ಇದನ್ನೇ ತಮ್ಮೂರಿನ ಆಸ್ಪತ್ರೆಯ ಹೆಸರಿನಲ್ಲಿ ಹೇಳುತ್ತಾರೆ. ಹುಚ್ಚು ಹಿಡಿದವರಿಗೆ ಅಂತ ಒಂದು ಜಾಗ ಇದೆ, ಅದು ಆಸ್ಪತ್ರೆ ಅನ್ನೋದು ನಮಗೆ ಅಷ್ಟು ಸಹಜವಾಗಿಬಿಟ್ಟಿದೆ.

ಆದರೆ ಈ ದೇಶದ ಎಷ್ಟೋ ಜಿಲ್ಲೆಗಳಲ್ಲಿ, ತೀರಾ ಇತ್ತೀಚಿನವರೆಗೂ, ಅಂಥವರನ್ನು ಸೇರಿಸುತ್ತಿದ್ದದ್ದು ಜೈಲಿಗೆ. ಕದ್ದಿದ್ದಕ್ಕಲ್ಲ, ಹೊಡೆದದ್ದಕ್ಕಲ್ಲ. ಬೀದಿಯಲ್ಲಿ ಅಲೆಯುತ್ತಿದ್ದರು, ಪೊಲೀಸರು ಹಿಡಿದರು, ಮ್ಯಾಜಿಸ್ಟ್ರೇಟ್ ಒಂದು ಕಾಗದಕ್ಕೆ ಸಹಿ ಹಾಕಿದರು, ಜೈಲಿನ ಗೇಟು ಮುಚ್ಚಿತು. ಜೈಲಿನ ದಾಖಲೆಗಳಲ್ಲಿ ಇವರಿಗೆ ಒಂದು ಪ್ರತ್ಯೇಕ ವರ್ಗವೇ ಇತ್ತು: ಎನ್.ಸಿ.ಎಲ್. ಬಿಡಿಸಿ ಹೇಳಿದರೆ 'ನಾನ್ ಕ್ರಿಮಿನಲ್ ಲೂನಟಿಕ್'. ಕನ್ನಡದಲ್ಲಿ, ಅಪರಾಧಿಯಲ್ಲದ ಹುಚ್ಚ. ಅಪರಾಧಿ ಅಲ್ಲ ಅಂತ ಹೆಸರಿನಲ್ಲೇ ಬರೆದುಕೊಂಡು ಮನುಷ್ಯನನ್ನು ಜೈಲಿನಲ್ಲಿಟ್ಟ ಇನ್ನೊಂದು ಉದಾಹರಣೆ ನನಗಂತೂ ಹೊಳೆಯುತ್ತಿಲ್ಲ.

ಕೆಲವು ತಿಂಗಳಿಂದ ರಾತ್ರಿ ಊಟ ಆದಮೇಲೆ ಹಳೆಯ ಸುಪ್ರೀಂ ಕೋರ್ಟ್ ತೀರ್ಪುಗಳನ್ನು ಓದೋ ಚಟ ಹತ್ತಿದೆ ನನಗೆ. (ರೂಮ್‌ಮೇಟು ಕ್ರಿಕೆಟ್ ಹೈಲೈಟ್ಸ್ ನೋಡುತ್ತಾನೆ. ಅವರವರ ಖುಷಿ.) ಈ ಎನ್.ಸಿ.ಎಲ್. ಅನ್ನೋ ಮೂರಕ್ಷರ ಅಲ್ಲೇ ಕಂಡದ್ದು. ಅದರ ಹಿಂದೆ ಬಿದ್ದಾಗ ಸಿಕ್ಕಿದ್ದನ್ನೆಲ್ಲ ಇಲ್ಲಿ ಬರೆದಿಡುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತೆ, ಕಾಫಿ ಹಿಡ್ಕೊಂಡು ಕೂತ್ಕೊಳ್ಳಿ.

ಮೊದಲು ಕಾನೂನು. 1857ರ ದಂಗೆ ಆದ ಮರುವರ್ಷ, ಕಂಪನಿಯ ಕೈಯಿಂದ ರಾಣಿಯ ಕೈಗೆ ಆಡಳಿತ ಹೋದ ವರ್ಷವೇ, ಹುಚ್ಚಾಸ್ಪತ್ರೆಗಳ ಬಗ್ಗೆ ಒಂದು ಕಾಯ್ದೆ ಬಂತು. 1858ರ 36ನೇ ಕಾಯ್ದೆ. ಅಲೆಯುವ ಹುಚ್ಚರನ್ನು ಹಿಡಿದು ಮ್ಯಾಜಿಸ್ಟ್ರೇಟರ ಮುಂದೆ ತರುವ ಕೆಲಸವನ್ನು ಪೊಲೀಸರಿಗೆ ವಹಿಸಿದ್ದು ಅದು. ಅದನ್ನೇ ದೊಡ್ಡದು ಮಾಡಿ 1912ರಲ್ಲಿ 'ಇಂಡಿಯನ್ ಲೂನಸಿ ಆಕ್ಟ್' ತಂದರು. ಈ ಕಾಯ್ದೆಯನ್ನು ಓದಿದರೆ ನಿಮಗೆ ಸಿಟ್ಟು ಬರೋದಿಲ್ಲ, ಅದೇ ವಿಚಿತ್ರ. ಬರೆದವರು ಸಾಕಷ್ಟು ಎಚ್ಚರದಿಂದಲೇ ಬರೆದಿದ್ದಾರೆ. ಹಿಡಿದು ತಂದವನಿಗೆ ನಿಜಕ್ಕೂ ಕಾಯಿಲೆ ಇದೆಯೇ ಅಂತ ಡಾಕ್ಟರು ನೋಡಬೇಕು. ಅಷ್ಟು ಹೊತ್ತು ಅವನನ್ನು 'ತಕ್ಕ ಕಾವಲಿನಲ್ಲಿ' ಇಡಬಹುದು. ಒಂದು ಸಲಕ್ಕೆ ಹತ್ತು ದಿನ, ಒಟ್ಟು ಮೂವತ್ತು ದಿನ ಮೀರುವಂತಿಲ್ಲ. ನೋಡಿ, ಟೈಮೌಟ್ ಕೂಡ ಇದೆ!

ಈಗ 'ತಕ್ಕ ಕಾವಲು' ಅಂದರೆ ಯಾವುದು? ಒಂದು ಸಾಧಾರಣ ಜಿಲ್ಲಾ ಕೇಂದ್ರವನ್ನು ಕಲ್ಪಿಸಿಕೊಳ್ಳಿ. ಹುಚ್ಚಾಸ್ಪತ್ರೆ ಇಲ್ಲ, ಅದು ಪ್ರಾಂತ್ಯಕ್ಕೆ ಒಂದೋ ಎರಡೋ. ಗೋಡೆ, ಬೀಗ, ಎರಡು ಹೊತ್ತಿನ ಊಟ, ರಾತ್ರಿ ಕಾವಲು, ಇಷ್ಟೂ ಇರುವ ಸರ್ಕಾರಿ ಕಟ್ಟಡ ಊರಿಗೆ ಒಂದೇ. ಅದರ ಮೇಲೆ ಬ್ರಿಟಿಷ್ ಪ್ರಾಂತ್ಯಗಳ ಎಷ್ಟೋ ಜಿಲ್ಲೆಗಳಲ್ಲಿ ಸಿವಿಲ್ ಸರ್ಜನ್ನೇ ಜಿಲ್ಲಾ ಜೈಲಿನ ಸೂಪರಿಂಟೆಂಡೆಂಟ್ ಆಗಿರುತ್ತಿದ್ದ. ಪರೀಕ್ಷೆ ಮಾಡಿ ಸರ್ಟಿಫಿಕೇಟ್ ಬರೆಯಬೇಕಾದ ಡಾಕ್ಟರು ದಿನಾ ಬೆಳಗ್ಗೆ ಹೇಗೂ ಜೈಲಿಗೆ ಬರುತ್ತಾನೆ. ಹಾಗಿದ್ದಮೇಲೆ ರೋಗಿಯನ್ನು ಬೇರೆಲ್ಲೋ ಯಾಕಿಡಬೇಕು? ಯಾರೂ ದುಷ್ಟರಾಗಬೇಕಿರಲಿಲ್ಲ. ಎಲ್ಲರೂ ತಮಗೆ ಅನುಕೂಲವಾದದ್ದನ್ನು ಮಾಡಿದರೆ ಸಾಕಿತ್ತು, ರೋಗಿ ತಾನಾಗಿಯೇ ಜೈಲಿಗೆ ಬಂದು ಬೀಳುತ್ತಿದ್ದ. ಹುಚ್ಚಾಸ್ಪತ್ರೆಗಳು ಕೂಡ ಇಪ್ಪತ್ತನೇ ಶತಮಾನದ ಮೊದಲ ದಶಕದ ತನಕ ಎಷ್ಟೋ ಕಡೆ ಜೈಲು ಇಲಾಖೆಯ ಮೇಲಧಿಕಾರಿಯ ಕೈಕೆಳಗೇ ಇದ್ದವು. ಎರಡರ ನಡುವೆ ಗೆರೆ ತೆಳುವಾಗಿತ್ತು ಅಂತಲ್ಲ, ಗೆರೆಯೇ ಇರಲಿಲ್ಲ.

ಇನ್ನು ಆ ಮೂವತ್ತು ದಿನ. ಅದು ಪರೀಕ್ಷೆಗೆ ಮಾತ್ರ. ಕಾಯಿಲೆ ಇದೆ ಅಂತ ಡಾಕ್ಟರು ಬರೆದುಕೊಟ್ಟ ಮೇಲೆ ಆಸ್ಪತ್ರೆಗೆ ಕಳಿಸಬೇಕು, ಕಳಿಸೋಕೆ ಅಲ್ಲಿ ಹಾಸಿಗೆ ಇರಬೇಕು. 1946ರಲ್ಲಿ ಭೋರ್ ಸಮಿತಿ ಲೆಕ್ಕ ಹಾಕಿದಾಗ ಸುಮಾರು 40 ಕೋಟಿ ಜನರಿದ್ದ ದೇಶದಲ್ಲಿ ಮಾನಸಿಕ ಆಸ್ಪತ್ರೆಗಳಲ್ಲಿದ್ದ ಹಾಸಿಗೆ ಸುಮಾರು 10,000. ಬಂಗಾಳದ ರೋಗಿಗಳನ್ನೂ ರಾಂಚಿಯ ಆಸ್ಪತ್ರೆಗೇ ಕಳಿಸಬೇಕಿತ್ತು. ಅಸ್ಸಾಮಿಗೆ 1876ರಲ್ಲಿ ಶುರುವಾದ ತೇಜ್‌ಪುರದ ಆಸ್ಪತ್ರೆ ಒಂದೇ ಗತಿ. ಹಾಸಿಗೆ ಸಿಗುವ ತನಕ? ಕಾಯಬೇಕು. ಎಲ್ಲಿ? ಇದ್ದಲ್ಲೇ.

ನಮ್ಮ ಕಡೆ ಸ್ವಲ್ಪ ಅದೃಷ್ಟ ಇತ್ತು ಅನ್ನಬೇಕು. ಮೈಸೂರು ಸೀಮೆ ಬ್ರಿಟಿಷ್ ಕಮಿಷನರರ ಆಳ್ವಿಕೆಯಲ್ಲಿದ್ದಾಗ, 1840ರ ದಶಕದ ಕೊನೆಗೆ, ಸರ್ಜನ್ ಚಾರ್ಲ್ಸ್ ಇರ್ವಿಂಗ್ ಸ್ಮಿತ್ ಬೆಂಗಳೂರಿನಲ್ಲಿ ಹುಚ್ಚಾಸ್ಪತ್ರೆ ಶುರು ಮಾಡಿದ. 1925ರಲ್ಲಿ ಅದರ ಹೆಸರು ಮೆಂಟಲ್ ಹಾಸ್ಪಿಟಲ್ ಅಂತಾಯಿತು, 1930ರ ದಶಕದಲ್ಲಿ ಹೊಸೂರು ರಸ್ತೆಯ ಈಗಿನ ಜಾಗಕ್ಕೆ ಬಂತು, 1974ರಲ್ಲಿ ನಿಮ್ಹಾನ್ಸ್ ಆಯಿತು. ಬೊಂಬಾಯಿ ಪ್ರಾಂತ್ಯಕ್ಕೆ ಸೇರಿದ್ದ ಧಾರವಾಡದಲ್ಲೂ ಹತ್ತೊಂಬತ್ತನೇ ಶತಮಾನದಲ್ಲೇ ಒಂದು ಇತ್ತು. ಈ ಅದೃಷ್ಟದ ಮಾತು ಮತ್ತೆ ಬರುತ್ತೆ, ಬೇರೆ ರೀತಿಯಲ್ಲಿ.

ಎನ್.ಸಿ.ಎಲ್.ಗಳು ಒಂದು ಗುಂಪು. ಜೈಲಿನೊಳಗೆ ಇನ್ನೂ ಮೂರು ಥರದ ಮನೋರೋಗಿಗಳಿದ್ದರು. ಶಿಕ್ಷೆ ಅನುಭವಿಸುವಾಗ ಕಾಯಿಲೆ ಬಿದ್ದವರು. ಇವರನ್ನು ಆಸ್ಪತ್ರೆಗೆ ಸಾಗಿಸುವ ದಾರಿ 1900ರ ಕೈದಿಗಳ ಕಾಯ್ದೆಯಲ್ಲೇ ಇತ್ತು, ಶಿಕ್ಷೆಗೊಂದು ಕೊನೆಯ ದಿನವೂ ಇತ್ತು. ಎರಡನೆಯವರು, ಅಪರಾಧ ಮಾಡುವಾಗ ಬುದ್ಧಿ ಸ್ವಾಧೀನದಲ್ಲಿರಲಿಲ್ಲ ಅಂತ ಕೋರ್ಟು ಖುಲಾಸೆ ಮಾಡಿಯೂ 'ಸುರಕ್ಷಿತ ಕಾವಲಿಗೆ' ಒಪ್ಪಿಸಿದವರು. ಮೂರನೆಯವರು, ತಮ್ಮ ಮೇಲಿನ ಆರೋಪ ಏನು ಅಂತಲೇ ಅರ್ಥವಾಗದ ಸ್ಥಿತಿಯಲ್ಲಿದ್ದ ವಿಚಾರಣಾಧೀನರು. ಅಂಥವರ ಮೇಲೆ ವಿಚಾರಣೆ ನಡೆಸಬಾರದು, ಅದು ನ್ಯಾಯ. ದಂಡ ಪ್ರಕ್ರಿಯಾ ಸಂಹಿತೆ ಹೇಳಿದ್ದೂ ಅದನ್ನೇ: ವಿಚಾರಣೆ ಮುಂದೂಡಿ, ಗುಣವಾದ ಮೇಲೆ ಮತ್ತೆ ಶುರು ಮಾಡಿ.

ಎಷ್ಟು ದಿನ ಮುಂದೂಡಬೇಕು? ಅದಕ್ಕೆ ಮಿತಿ ಇರಲಿಲ್ಲ. ಗುಣವಾಯಿತು ಅಂತ ಕೋರ್ಟಿಗೆ ನೆನಪು ಮಾಡುವವರು ಯಾರು? ಕಾಗದದ ಮೇಲೆ ಆಸ್ಪತ್ರೆಯವರು ಜೈಲಿಗೆ ಹೇಳಬೇಕು, ಜೈಲಿನವರು ಕೋರ್ಟಿಗೆ ಹೇಳಬೇಕು. ನಮ್ಮ ಕಸುಬಿನವರಿಗೆ ಇದು ಬೇಗ ಅರ್ಥವಾಗುತ್ತೆ. ಒಂದು ಪ್ರೋಸೆಸ್ ಇನ್ನೊಂದರ ಸಿಗ್ನಲ್‌ಗೆ ಕಾಯ್ತಾ ಕೂತಿದೆ. ಸಿಗ್ನಲ್ ಕಳಿಸಬೇಕಾದ್ದು ಎಂದೋ ಸತ್ತಿದೆ. ಟೈಮೌಟ್ ಹಾಕಿಲ್ಲ. ಸರ್ವರಾದರೆ ರೀಸ್ಟಾರ್ಟ್ ಮಾಡಬಹುದು.

ಮಾಚಂಗ್ ಲಾಲುಂಗ್ ಅವರ ಕತೆ ಇಲ್ಲಿ ಬರುತ್ತೆ.

ಅಸ್ಸಾಮಿನ ಮೋರಿಗಾಂವ್ ಜಿಲ್ಲೆಯ ಸಿಲ್‌ಸಾಂಗ್ ಅನ್ನೋ ಹಳ್ಳಿಯವರು. ತಿವಾ ಬುಡಕಟ್ಟಿನವರು, ಈ ಜನರನ್ನು ಹಿಂದೆ ಲಾಲುಂಗ್ ಅಂತ ಕರೆಯುತ್ತಿದ್ದರು, ಅವರ ಹೆಸರಿನಲ್ಲಿರೋದು ಅದೇ. 1951ರಲ್ಲಿ, ಇಪ್ಪತ್ತು ದಾಟಿದ ವಯಸ್ಸಿನಲ್ಲಿ, ಯಾರಿಗೋ ತೀವ್ರ ಗಾಯ ಮಾಡಿದ ಆರೋಪದ ಮೇಲೆ ಅವರ ಬಂಧನವಾಯಿತು. ಒಂದು ವರ್ಷ ಆಗುವುದರೊಳಗೆ ತೇಜ್‌ಪುರದ ಆಸ್ಪತ್ರೆಗೆ ಕಳಿಸಿದರು. ಇಲ್ಲಿಯವರೆಗೆ ಎಲ್ಲವೂ ಕಾನೂನಿನ ಪ್ರಕಾರವೇ. 1967ರಲ್ಲಿ ಆಸ್ಪತ್ರೆಯವರು ಇವರು ಗುಣವಾಗಿದ್ದಾರೆ ಅಂತ ಬರೆದುಕೊಟ್ಟರು. ಆಗ ವಿಚಾರಣೆ ಮತ್ತೆ ಶುರುವಾಗಬೇಕಿತ್ತು. ಅದರ ಬದಲು ಅವರನ್ನು ಗುವಾಹಟಿಯ ಜೈಲಿಗೆ ತಂದು ಹಾಕಿದರು. ವಿಚಾರಣೆ ಶುರುವಾಗಲಿಲ್ಲ. ಅವರು ಹೊರಗೆ ಬಂದದ್ದು 2005ರ ಜುಲೈಯಲ್ಲಿ. ಮಾನವ ಹಕ್ಕುಗಳ ಆಯೋಗದ ಗಮನಕ್ಕೆ ಬಂದಮೇಲೆ, ಒಂದು ರೂಪಾಯಿಯ ಮುಚ್ಚಳಿಕೆ ಬರೆಸಿಕೊಂಡು ಬಿಟ್ಟರು.

1951ರಿಂದ 2005. ಐವತ್ತನಾಲ್ಕು ವರ್ಷ. ಮೊದಲ ಸಾರ್ವತ್ರಿಕ ಚುನಾವಣೆ ಮುಗಿಯುವ ಮೊದಲೇ ಒಳಗೆ ಹೋದವರು ಬರುವಷ್ಟರಲ್ಲಿ ಹದಿನಾಲ್ಕು ಲೋಕಸಭೆ ಆಗಿದ್ದವು. ತೀರ್ಪು ಬಂದಿಲ್ಲ, ಶಿಕ್ಷೆ ಆಗಿಲ್ಲ. ಅದರಲ್ಲಿ ಕೊನೆಯ 38 ವರ್ಷ, ಅಂದರೆ ನನ್ನ ಇಡೀ ವಯಸ್ಸಿಗಿಂತ ಎಷ್ಟೋ ಹೆಚ್ಚು ಕಾಲ, ಅವರಿಗೆ ಕಾಯಿಲೆ ಇಲ್ಲ ಅಂತ ಸರ್ಕಾರದ ಆಸ್ಪತ್ರೆಯೇ ಬರೆದುಕೊಟ್ಟಿತ್ತು. ಆ ಕಾಗದ ಯಾವುದೋ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ದಾಟಲಿಲ್ಲ, ಅಷ್ಟೇ. ಸುಪ್ರೀಂ ಕೋರ್ಟು ಅಸ್ಸಾಂ ಸರ್ಕಾರದಿಂದ ಅವರಿಗೆ 3 ಲಕ್ಷ ರೂಪಾಯಿ, ತಿಂಗಳಿಗೆ 1000 ರೂಪಾಯಿ ಕೊಡಿಸಿತು. 2007ರ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಎರಡೂವರೆ ವರ್ಷ ಊರಿನಲ್ಲಿದ್ದರು.

ಇದೊಂದು ಅಪರೂಪದ ಪ್ರಕರಣ, ಎಲ್ಲೋ ಒಂದು ಫೈಲು ಕಳೆದುಹೋಯಿತು ಅಂದುಕೊಳ್ಳುವ ಹಾಗಿಲ್ಲ. 1982ರಲ್ಲಿ ಹಜಾರಿಬಾಗಿನ (ಆಗ ಬಿಹಾರ, ಈಗ ಜಾರ್ಖಂಡ್) ಉಚಿತ ಕಾನೂನು ನೆರವು ಸಮಿತಿಯವರು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರಿಗೆ ಒಂದು ಪತ್ರ ಬರೆದರು. ಅಲ್ಲಿನ ಸೆಂಟ್ರಲ್ ಜೈಲಿನಲ್ಲಿ ಹುಚ್ಚು ಅನ್ನೋ ಕಾರಣಕ್ಕೆ ಇಟ್ಟ ಕೈದಿಗಳಿದ್ದಾರೆ, ಅವರಲ್ಲಿ ಹಲವರಿಗೆ ಗುಣವಾಗಿ ಎಷ್ಟೋ ಕಾಲವಾಗಿದೆ, ಆದರೂ ದಶಕಗಟ್ಟಲೆಯಿಂದ ಒಳಗಿದ್ದಾರೆ ಅಂತ. ಪತ್ರವನ್ನೇ ಅರ್ಜಿ ಅಂತ ಪರಿಗಣಿಸಿದರು. ವೀಣಾ ಸೇಠಿ ಪ್ರಕರಣ ಅಂತ ಅದಕ್ಕೆ ಹೆಸರು. ಜೈಲು ಮನೋರೋಗಿಗಳಿಗೆ ಚಿಕಿತ್ಸೆ ಕೊಡುವ ಜಾಗವಲ್ಲ, ಅವರನ್ನು ಕಾವಲಿಗೆ ಅಂತ ಅಲ್ಲಿಗೆ ಕಳಿಸುವ ಪದ್ಧತಿ ಸರಿಯಲ್ಲ ಅಂತ ಆಗಲೇ ಆ ಪೀಠ ಹೇಳಿಯಾಗಿತ್ತು.

ಅದರ ಮರುವರ್ಷದ ಇನ್ನೊಂದು ತೀರ್ಪು ಕಾನೂನು ಓದಿದವರಿಗೆಲ್ಲ ಬಾಯಿಪಾಠ: ರುದುಲ್ ಸಾಹ್ ಪ್ರಕರಣ. ಮೂಲಭೂತ ಹಕ್ಕಿನ ಉಲ್ಲಂಘನೆಗೆ ಸುಪ್ರೀಂ ಕೋರ್ಟು ನೇರವಾಗಿ ಪರಿಹಾರ ಕೊಡಿಸಿದ ಮೊದಲ ಪ್ರಕರಣ ಅಂತ ಅದು ಪ್ರಸಿದ್ಧ. ಆದರೆ ಅದರೊಳಗೂ 'ಹುಚ್ಚು' ಇದೆ, ಅದನ್ನು ಯಾರೂ ಅಷ್ಟಾಗಿ ಹೇಳೋದಿಲ್ಲ. ಬಿಹಾರದ ಮುಜಫರ್‌ಪುರದಲ್ಲಿ 1968ರ ಜೂನ್ 3ರಂದು ಈತನ ಖುಲಾಸೆಯಾಯಿತು. ಜೈಲಿನಿಂದ ಬಿಟ್ಟದ್ದು 1982ರ ಅಕ್ಟೋಬರ್ 16ರಂದು. ಹದಿನಾಲ್ಕು ವರ್ಷ ಯಾಕಿಟ್ಟುಕೊಂಡಿದ್ದಿರಿ ಅಂತ ಕೋರ್ಟು ಕೇಳಿದಾಗ ಜೈಲಿನವರು ಕೊಟ್ಟ ಉತ್ತರ, ಖುಲಾಸೆ ಹೊತ್ತಿಗೆ ಆತನಿಗೆ ಬುದ್ಧಿ ಸ್ಥಿಮಿತ ಇರಲಿಲ್ಲ. ಯಾವ ಡಾಕ್ಟರು ನೋಡಿದರು, ಏನು ಔಷಧ ಕೊಟ್ಟಿರಿ, ಯಾವಾಗ ಗುಣವಾಯಿತು, ಇದಕ್ಕೆಲ್ಲ ಸರಿಯಾದ ದಾಖಲೆ ಇರಲಿಲ್ಲ. ಆತ ಸರಿಯಾಗಿದ್ದಾನೆ ಅಂತ 1977ರಲ್ಲೇ ಸಿವಿಲ್ ಸರ್ಜನ್ ವರದಿ ಕೊಟ್ಟು ಅದು ಕಾನೂನು ಇಲಾಖೆಗೂ ಹೋಗಿತ್ತು. ಅಲ್ಲಿಂದ ಮುಂದೆಯೂ ಐದು ವರ್ಷ. ಆತನಿಗೆ ನಿಜಕ್ಕೂ ಕಾಯಿಲೆ ಇತ್ತೇ ಅಂತ ನ್ಯಾಯಾಧೀಶರಿಗೇ ಅನುಮಾನ ಬಂತು. ಮೊದಲು ಕೊಟ್ಟಿದ್ದ 5,000ದ ಜೊತೆಗೆ ಇನ್ನೂ 30,000 ರೂಪಾಯಿ ಕೊಡಿ ಅಂದರು.

ಇದನ್ನು ಓದಿದಾಗ ನನಗೆ ಅನ್ನಿಸಿದ್ದು: ಹುಚ್ಚು ಅನ್ನೋದು ಜೈಲಿನಲ್ಲಿ ಕಾಯಿಲೆಯ ಹೆಸರಷ್ಟೇ ಅಲ್ಲ, ಒಂದು ಸಮಜಾಯಿಷಿ ಕೂಡ ಆಗಿತ್ತು. ಯಾರನ್ನಾದರೂ ಮರೆತಿದ್ದರೆ ಆಮೇಲೆ ಹೇಳೋಕೆ ಒಂದು ಕಾರಣ. ಹುಚ್ಚನ ಮಾತನ್ನು ಯಾರು ನಂಬುತ್ತಾರೆ? "ನನ್ನನ್ನ ಬಿಡುಗಡೆ ಮಾಡಿದ್ದಾರೆ, ಮನೆಗೆ ಕಳಿಸಿ" ಅಂತ ಆತ ದಿನಾ ಕೂಗಿದ್ದರೂ, ಅದೂ ಕಾಯಿಲೆಯ ಲಕ್ಷಣವೇ ಆಗುತ್ತಿತ್ತು.

'ಕಾವಲು' ಅನ್ನೋ ಪದದ ಮೋಸ ಬರೀ ಮನೋರೋಗಿಗಳಿಗೆ ಮಾತ್ರ ಅಲ್ಲ. 1979ರ ಹುಸ್ಸೈನಾರಾ ಖಾತೂನ್ ಪ್ರಕರಣದಲ್ಲಿ ಬಿಹಾರದ ಜೈಲುಗಳ ಲೆಕ್ಕ ತೆಗೆದಾಗ, ಅಪರಾಧಕ್ಕೆ ಬಲಿಯಾದ, ಸಾಕ್ಷಿ ಹೇಳಬೇಕಾದ ಹೆಂಗಸರು ಕೂಡ 'ರಕ್ಷಣೆ'ಯ ಹೆಸರಿನಲ್ಲಿ ಒಳಗಿದ್ದದ್ದು ಹೊರಬಿತ್ತು. ಸರ್ಕಾರಕ್ಕೆ ಯಾರನ್ನು ಎಲ್ಲಿಡಬೇಕು ಅಂತ ಗೊತ್ತಾಗದಿದ್ದರೆ ಜೈಲು. ನಮ್ಮಮ್ಮ ಬೇಡದ ಸಾಮಾನನ್ನೆಲ್ಲ ಅಟ್ಟಕ್ಕೆ ಹಾಕುವ ಹಾಗೆ. ಅಟ್ಟದ ಮೇಲಿರೋದನ್ನ ಹಬ್ಬಕ್ಕಾದರೂ ಒಮ್ಮೆ ಇಳಿಸುತ್ತಾರೆ ಅನ್ನಿ.

ಈಗ ಎನ್.ಸಿ.ಎಲ್. ಕತೆಗೆ ವಾಪಸ್. ಶೀಲಾ ಬರ್ಸೆ ಅಂತ ಒಬ್ಬ ಪತ್ರಕರ್ತೆ ಬೊಂಬಾಯಿಯಲ್ಲಿದ್ದರು. ಲಾಕಪ್ಪಿನಲ್ಲಿ ಹೆಂಗಸರ ಸ್ಥಿತಿಯ ಬಗ್ಗೆ, ಜೈಲಿನಲ್ಲಿದ್ದ ಮಕ್ಕಳ ಬಗ್ಗೆ 1980ರ ದಶಕದಲ್ಲೇ ಸುಪ್ರೀಂ ಕೋರ್ಟಿಗೆ ಹೋಗಿದ್ದವರು. 1989ರಲ್ಲಿ ಅಪರಾಧಿಗಳಲ್ಲದ ಮನೋರೋಗಿಗಳ ಪರವಾಗಿ ಮತ್ತೆ ಹೋದರು. ಮುಖ್ಯವಾಗಿ ಪಶ್ಚಿಮ ಬಂಗಾಳ, ಅಸ್ಸಾಂ ಜೈಲುಗಳ ವಿಷಯ. ರಾಂಚಿ, ತೇಜ್‌ಪುರಗಳಲ್ಲಿ ಹಾಸಿಗೆಗೆ ಕಾಯಬೇಕಿದ್ದ ರಾಜ್ಯಗಳೇ ಇವು, ಗಮನಿಸಿ. ಬಂಗಾಳದ ಜೈಲುಗಳಿಗೆ ಹೋಗಿ ನೋಡಿ ಬನ್ನಿ ಅಂತ ಕೋರ್ಟು ಇಬ್ಬರನ್ನು ನೇಮಿಸಿತು. ಒಬ್ಬರು ಕಾನೂನು ವಿದ್ವಾಂಸೆ ಅಮಿತಾ ಧಾಂಡಾ, ಇನ್ನೊಬ್ಬರು ನಮ್ಮ ನಿಮ್ಹಾನ್ಸಿನ ಮನೋವೈದ್ಯ ಡಾ. ಆರ್. ಶ್ರೀನಿವಾಸಮೂರ್ತಿ. ಒಂದು ಊರಿನಲ್ಲಿ ಒಳ್ಳೆಯ ಆಸ್ಪತ್ರೆ ಇದ್ದರೆ ಅದರ ಉಪಯೋಗ ಆ ಊರಿನವರಿಗೆ ಮಾತ್ರ ಅಲ್ಲ ನೋಡಿ. ಹಿಂದೆ ಅದೃಷ್ಟ ಅಂದೆನಲ್ಲ, ಅದು ಇದಕ್ಕೂ ಸೇರಿಸಿ.

1993ರ ಆಗಸ್ಟ್ 17ರಂದು ತೀರ್ಪು ಬಂತು. ನಾನು ಇನ್ನೂ ಹುಟ್ಟಿರಲಿಲ್ಲ. ಪೀಠದ ಮೇಲಿದ್ದವರು ಮುಖ್ಯ ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯ, ಅವರೂ ಬೆಂಗಳೂರಿನವರೇ, ಜೊತೆಗೆ ನ್ಯಾಯಮೂರ್ತಿ ಎಸ್. ಮೋಹನ್. ಅಪರಾಧ ಮಾಡದ ಮನೋರೋಗಿಗಳನ್ನು ಜೈಲಿಗೆ ಹಾಕುವುದು ಕಾನೂನಿಗೂ ಸಂವಿಧಾನಕ್ಕೂ ವಿರುದ್ಧ ಅಂತ ಸ್ಪಷ್ಟವಾಗಿ ಹೇಳಿದರು. ಅಷ್ಟಕ್ಕೇ ನಿಲ್ಲಿಸಲಿಲ್ಲ. ಇಂಥ ವ್ಯಕ್ತಿ ಮುಂದೆ ಬಂದರೆ ಮನೋವೈದ್ಯರಿಂದಲೇ ಪರೀಕ್ಷೆ ಮಾಡಿಸಬೇಕು, ನ್ಯಾಯಾಂಗದ ಮ್ಯಾಜಿಸ್ಟ್ರೇಟೇ ಅದನ್ನು ನೋಡಿಕೊಳ್ಳಬೇಕು, ಹತ್ತಿರದ ಚಿಕಿತ್ಸಾ ಕೇಂದ್ರಕ್ಕೇ ಕಳಿಸಬೇಕು ಅಂತ ಕೆಲಸವನ್ನು ಹಂಚಿಕೊಟ್ಟರು. ನನ್ನ ಮಟ್ಟಿಗೆ ತೀರ್ಪಿನ ಮುಖ್ಯ ಭಾಗ ಇದೇ. ತಪ್ಪು ಅಂತ ಹೇಳೋದು ಸುಲಭ. ಟಿಕೆಟ್ಟು ಯಾರ ಹೆಸರಿಗೆ ಅಂತ ಬರೆಯೋದು ಕಷ್ಟ.

ಇದೇ ಹೊತ್ತಿಗೆ ಇನ್ನೊಂದು ತಮಾಷೆ ನಡೆದಿತ್ತು, ತಮಾಷೆ ಅನ್ನಬಹುದಾದರೆ. 1912ರ ಲೂನಸಿ ಕಾಯ್ದೆಯನ್ನು ತೆಗೆದುಹಾಕಲು ಸಂಸತ್ತು 1987ರಲ್ಲೇ ಮಾನಸಿಕ ಆರೋಗ್ಯ ಕಾಯ್ದೆ ಮಾಡಿತ್ತು. ಅದು ಜಾರಿಗೆ ಬಂದದ್ದು 1993ರ ಏಪ್ರಿಲ್ 1ರಂದು. ಆರು ವರ್ಷ! (ದಿನಾಂಕ ಆರಿಸಿದವರಿಗೆ ನಮಸ್ಕಾರ.) ಸ್ವತಂತ್ರ ಭಾರತದ ಪ್ರಜೆಯೊಬ್ಬ ಕಾನೂನಿನ ಭಾಷೆಯಲ್ಲಿ 'ಲೂನಟಿಕ್' ಆಗಿ ಉಳಿದದ್ದು ನಲವತ್ತೈದು ವರ್ಷಕ್ಕೂ ಹೆಚ್ಚು. ಈ ಪದಕ್ಕೆ ಮೂಲ ಲ್ಯಾಟಿನ್ನಿನ ಚಂದ್ರ. ಚಂದ್ರನ ಹೊಡೆತಕ್ಕೆ ತಲೆ ಕೆಡುತ್ತೆ ಅನ್ನೋ ನಂಬಿಕೆ. ನಮ್ಮೂರ ಕಡೆ ಅಮಾವಾಸ್ಯೆ ಹುಣ್ಣಿಮೆಗೆ ಜಾಸ್ತಿ ಆಗುತ್ತೆ ಅಂತ ಅಜ್ಜಿಯಂದಿರು ಹೇಳೋದೂ ಅದೇ ಅಲ್ವಾ?

ತೀರ್ಪು ಬಂದ ಮೇಲೆ ಎಲ್ಲ ಸರಿಹೋಯಿತಾ? 1996ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಎಲ್ಲ ಮುಖ್ಯಮಂತ್ರಿಗಳಿಗೂ ಪತ್ರ ಬರೆಯಬೇಕಾಯಿತು, ಮನೋರೋಗಿಗಳನ್ನು ಜೈಲಿನಲ್ಲಿಡಬೇಡಿ ಅಂತ. ಮೂರು ವರ್ಷದ ಹಿಂದೆ ದೇಶದ ಅತಿ ದೊಡ್ಡ ಕೋರ್ಟು ಹೇಳಿದ್ದನ್ನೇ ಮತ್ತೆ. ಅದೇ ವರ್ಷದ ಕೊನೆಗೆ ವೆಂಕಟಾಚಲಯ್ಯನವರು ಆ ಆಯೋಗದ ಅಧ್ಯಕ್ಷರಾದರು. ಅವರ ಅವಧಿಯಲ್ಲೇ ಆಯೋಗಕ್ಕಾಗಿ ನಿಮ್ಹಾನ್ಸಿನ ತಂಡವೊಂದು ದೇಶದ 37 ಮಾನಸಿಕ ಆಸ್ಪತ್ರೆಗಳನ್ನು ಸುತ್ತಿ ನೋಡಿ 1999ರಲ್ಲಿ ವರದಿ ಕೊಟ್ಟಿತು. ಅವುಗಳಲ್ಲಿ ಸಾಕಷ್ಟು ಆಸ್ಪತ್ರೆಗಳು ಕಟ್ಟಿದ ಕಾಲದ ಜೈಲಿನ ರೂಪದಲ್ಲೇ ಉಳಿದಿದ್ದವು. ಜೈಲಿನಿಂದ ಬಿಡಿಸಿ ಆಸ್ಪತ್ರೆಗೆ ಕಳಿಸಿದರೆ ಅಲ್ಲೂ ಕಂಬಿ. ಗುಣವಾದರೂ ಕರೆದುಕೊಂಡು ಹೋಗುವವರಿಲ್ಲದೆ ಆಸ್ಪತ್ರೆಯಲ್ಲೇ ಉಳಿದವರ ಪ್ರಶ್ನೆ ಈಚಿನ ವರ್ಷಗಳಲ್ಲೂ ಸುಪ್ರೀಂ ಕೋರ್ಟಿನ ಮುಂದೆ ಬಂದಿದೆ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರ ಮೇ ತಿಂಗಳಲ್ಲಿ ಜಾರಿಗೆ ಬಂತು. ಅದರ 100ನೇ ಕಲಮನ್ನು 1912ರ ಕಾಯ್ದೆಯ ಪಕ್ಕ ಇಟ್ಟು ಓದಿದೆ. ಖುಷಿಯಾಯಿತು, ಸುಳ್ಳು ಹೇಳೋದಿಲ್ಲ. ಬೀದಿಯಲ್ಲಿ ಅಲೆಯುವ ಮನೋರೋಗಿಯನ್ನು ಪೊಲೀಸರು 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಬೇಕು. ಯಾವ ಕಾರಣಕ್ಕೂ ಲಾಕಪ್ಪಿನಲ್ಲಾಗಲೀ ಜೈಲಿನಲ್ಲಾಗಲೀ ಇಡುವಂತಿಲ್ಲ. ಮನೆಯಿಲ್ಲದವರಾದರೆ ಕಾಣೆಯಾದ ವ್ಯಕ್ತಿ ಅಂತ ಎಫ್.ಐ.ಆರ್. ಬರೆದು ಮನೆಯವರನ್ನು ಹುಡುಕುವ ಹೊಣೆ ಠಾಣಾಧಿಕಾರಿಯದು. 'ತಕ್ಕ ಕಾವಲು' ಅನ್ನೋ ಎರಡು ಪದದಲ್ಲಿ ಆಗಿದ್ದ ಅನಾಹುತವನ್ನು ಅರಿತವರೇ ಬರೆದಂತಿದೆ.

103ನೇ ಕಲಮು ಬಂದಾಗ ಮಾತ್ರ ಎರಡು ಸಲ ಓದಬೇಕಾಯಿತು. ಇದು ಜೈಲಿನೊಳಗಿನ ಕೈದಿಗಳ ಬಗ್ಗೆ. ಪ್ರತಿ ರಾಜ್ಯದಲ್ಲೂ ಕನಿಷ್ಠ ಒಂದು ಜೈಲಿನ ವೈದ್ಯಕೀಯ ವಿಭಾಗದಲ್ಲಿ ಮಾನಸಿಕ ಚಿಕಿತ್ಸೆಯ ವ್ಯವಸ್ಥೆ ಇರಬೇಕು, ಇಲ್ಲದ ಕಡೆಯಿಂದ ಕೈದಿಯನ್ನು ಇರುವ ಕಡೆಗೆ ಕಳಿಸಬೇಕು ಅನ್ನುತ್ತೆ. ಅದು ಸರಿ. ಜೊತೆಗೆ ಜೈಲಿನ ವೈದ್ಯಾಧಿಕಾರಿ ಮೂರು ತಿಂಗಳಿಗೊಮ್ಮೆ ಒಂದು ವರದಿ ಕಳಿಸಬೇಕು, ಈ ಜೈಲಿನಲ್ಲಿ ಮಾನಸಿಕ ಕಾಯಿಲೆ ಇರುವ ಕೈದಿಗಳು ಇಲ್ಲ ಅಂತ ಪ್ರಮಾಣೀಕರಿಸಿ. ಎಷ್ಟು ಜನ ಇದ್ದಾರೆ ಅಂತಲ್ಲ. ಇಲ್ಲ ಅಂತ!

ಈಗ ಪರಪ್ಪನ ಅಗ್ರಹಾರಕ್ಕೆ ಬನ್ನಿ. (ಬೆಂಗಳೂರಿನ ಸೆಂಟ್ರಲ್ ಜೈಲು 2000ರ ತನಕ ಊರ ಮಧ್ಯದಲ್ಲೇ ಇತ್ತು, ಆ ಜಾಗವೇ ಈಗಿನ ಫ್ರೀಡಂ ಪಾರ್ಕ್.) ನಿಮ್ಹಾನ್ಸಿನ ವೈದ್ಯರು ಈ ಜೈಲಿನಲ್ಲಿ ಮಾಡಿದ ದೊಡ್ಡ ಅಧ್ಯಯನ 2011ರಲ್ಲಿ ಪ್ರಕಟವಾಯಿತು. 5,024 ಕೈದಿಗಳನ್ನು ಮಾತಾಡಿಸಿದರು. ಮಾನಸಿಕ ಕಾಯಿಲೆ ಅಥವಾ ಮಾದಕ ವಸ್ತುಗಳ ಸಮಸ್ಯೆ, ಎರಡರಲ್ಲಿ ಒಂದಾದರೂ ಇದ್ದವರು ಶೇ. 79.6. ಕುಡಿತ, ತಂಬಾಕು, ಗಾಂಜಾ ಎಲ್ಲ ಬಿಟ್ಟು ಲೆಕ್ಕ ಹಾಕಿದರೂ ಶೇ. 27.6. ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು. ಇಂಥ ಜೈಲಿನ ಡಾಕ್ಟರು ಮೂರು ತಿಂಗಳಿಗೊಮ್ಮೆ 'ಯಾರೂ ಇಲ್ಲ' ಅಂತ ಸಹಿ ಹಾಕಬೇಕು.

ಆ ಕಲಮು ಎಲ್ಲಿಂದ ಬಂದಿರಬಹುದು ಅಂತ ನನ್ನ ಊಹೆ ಹೇಳುತ್ತೇನೆ. 1993ರಲ್ಲಿ ಕೇಳಬೇಕಿದ್ದ ಪ್ರಶ್ನೆ ಎನ್.ಸಿ.ಎಲ್.ಗಳದ್ದು. ನಿಮ್ಮ ಜೈಲಿನಲ್ಲಿ ಅಪರಾಧಿಯಲ್ಲದ ಮನೋರೋಗಿ ಯಾರೂ ಇಲ್ಲ ತಾನೇ ಅಂತ. ಅದಕ್ಕೆ 'ಇಲ್ಲ' ಅನ್ನೋದೇ ಸರಿಯಾದ ಉತ್ತರ. ಕಾಯ್ದೆ ಬರೆಯುವಾಗ ಅಪರಾಧಿಯಲ್ಲದ ಅನ್ನೋ ವಿಶೇಷಣ ಉದುರಿಹೋಗಿ, ಪ್ರಶ್ನೆ ಎಲ್ಲ ಕೈದಿಗಳಿಗೂ ಅನ್ವಯಿಸಿಬಿಟ್ಟಿತು. ಹಳೇ ಕೋಡನ್ನು ಕಾಪಿ ಮಾಡಿ ಒಂದು ಕಂಡೀಷನ್ ಬಿಟ್ಟರೆ ಏನಾಗುತ್ತೆ ಅಂತ ನಮ್ಮಲ್ಲಿ ಕೆಲವರಿಗಾದರೂ ಗೊತ್ತು. ಕಾನೂನು ಓದಿದ ಬ್ಲಾಗಿಗರು ಯಾರಾದರೂ ಇದನ್ನು ಅಲ್ಲಗಳೆದರೆ ಸಂತೋಷ.

ಕೊನೆಗೆ ಆ ಮುಂದೂಡಿದ ವಿಚಾರಣೆಯ ವಿಷಯ. 2009ರ ಕೊನೆಯ ದಿನದಿಂದ ದಂಡ ಪ್ರಕ್ರಿಯಾ ಸಂಹಿತೆಯ 330ನೇ ಕಲಮು ಬದಲಾಯಿತು. ವಿಚಾರಣೆ ಎದುರಿಸಲಾಗದ ಆರೋಪಿಗೆ ಆಸ್ಪತ್ರೆಯಲ್ಲೇ ಇಟ್ಟು ಚಿಕಿತ್ಸೆ ಕೊಡುವ ಅಗತ್ಯ ಇಲ್ಲದಿದ್ದರೆ, ಆರೋಪ ಜಾಮೀನು ಸಿಗುವಂಥದ್ದಾಗಲೀ ಅಲ್ಲದಿರಲೀ, ಜಾಮೀನಿನ ಮೇಲೆ ಬಿಡಬೇಕು. ಆದರೆ ನೆಂಟರೋ ಗೆಳೆಯರೋ ಒಬ್ಬರು ಬಂದು, ದಿನಾ ಔಷಧ ಕೊಡಿಸುತ್ತೇವೆ, ತೊಂದರೆ ಆಗದಂತೆ ನೋಡಿಕೊಳ್ಳುತ್ತೇವೆ ಅಂತ ಬರೆದುಕೊಡಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 369ನೇ ಕಲಮಿನಲ್ಲೂ ಇದೇ ವ್ಯವಸ್ಥೆ ಇದೆ. ಸಹಿ ಹಾಕುವವರು ಯಾರೂ ಬರದಿದ್ದರೆ, ಆತನನ್ನು ನಿಯಮಿತವಾಗಿ ಮಾನಸಿಕ ಚಿಕಿತ್ಸೆ ಸಿಗುವಂಥ ಒಂದು ಜಾಗದಲ್ಲಿ ಇಡಬೇಕು ಅನ್ನುತ್ತೆ ಕಾನೂನು. ಲಾಲುಂಗರನ್ನು 1951ರಲ್ಲಿ ಹಿಡಿದ ಮೇಲೆ ಕಳಿಸಿದ್ದೂ ಅಂಥ ಜಾಗಕ್ಕೇ.